ಮಗ್ಗದ ಮನೆಗೆ ಬಂದ ಹಕ್ಕಿ

ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯೊಳಗೆ ಪಿಕಳಾರವೊಂದು ನುಗ್ಗಿತೆಂದು ಭಾವಿಸೋಣ. ಭೀತವಾದ ಹಕ್ಕಿ ಮೇಲಕ್ಕೂ ಬೆಳಕಿನತ್ತಲೂ ಹಾರುವುದು. ಕೆಳಗಿನ ತೆರೆದ ಬಾಗಿಲು ಅದಕ್ಕೆ ಕಾಣದು. ಅಟ್ಟಿದಷ್ಟೂ ಗೋಡೆಗೆ ಬಡಿದು ಬಳಲುವುದು. ಮಗ್ಗ ನಿಲ್ಲಿಸಿ, ದೀಪವಾರಿಸಿ, ಬಾಗಿಲೊಂದನ್ನೇ ತೆರೆದಿಟ್ಟು ಸರಿದು ನಿಂತರೆ ತಾನಾಗಿ ಹೊರಬೀಳುವುದುಂಟು. ಗಳಿಗೆಯ ಕೂಲಿ ಹೋದೀತು (ಕೂಲಿ ನೇಕಾರನದು, ದಯೆಯ ಮಾತು ನಮ್ಮದು!). ಆದರೂ ಅದು ಧರ್ಮವೆಂಬಲ್ಲಿ ನಮಗೆ ಸಂಶಯವಿಲ್ಲ.

ಸಂಶಯವಿರುವುದು ಬೇರೆಡೆ. ಮಗ್ಗದ ಮೇಲಿನ ಆ ನೂಲು, ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದು ಬಿಚ್ಚಿದ್ದು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. 1972ರ ವನ್ಯಜೀವಿ ಕಾಯಿದೆಯು ಹಕ್ಕಿಯನ್ನು ರಕ್ಷಿಸುವುದು. ಹುಳುವಿಗೆ ಅಂಥ ಆಸರೆಯಿಲ್ಲ. ರೆಕ್ಕೆಸದ್ದಿಗೆ ಮಿಡಿದ ಮನಸ್ಸು ಸದ್ದಿಲ್ಲದ ಜೀವಕ್ಕೇಕೆ ಮಿಡಿಯದು? ಮಡಿಗೆಂದು ರೇಷ್ಮೆಯುಟ್ಟು ಪೂಜೆಗೆ ಕೂಡುವ ನಾವು ಈ ಪ್ರಶ್ನೆಯನ್ನು ನೇಕಾರನಿಗೆ ದಾಟಿಸುವಂತಿಲ್ಲ. ಪತಂಗ ಹೊರಬಂದ ಗೂಡಿನಿಂದಲೂ ನೂಲು ತೆಗೆಯಬಹುದು. ಎಳೆ ತುಂಡಾಗಿರುವುದರಿಂದ ಹತ್ತಿಯಂತೆ ನೂಲಬೇಕು, ಹೊಳಪೂ ತುಸು ಕಡಿಮೆ.