ರಿಪೋರ್ಟ್ ಬರೋ ಹಿಂದಿನ ದಿನ

ಕಾಲು ಸೋತವರನ್ನು ಯಾರೂ ಬೈಯಲ್ಲ. ಮಾತು ಹದ ತಪ್ಪಿದವರನ್ನು ಬೈತೀವಿ. ಎರಡಕ್ಕೂ ಕಾರಣ ಒಂದೇ ಆಗಿದ್ದರೆ?

ಆಗಬಹುದು. ಆಟೋಇಮ್ಯೂನ್ ಎನ್ಸೆಫಲೈಟಿಸ್‌ನಲ್ಲಿ ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುತ್ತೆ. ನಡವಳಿಕೆ ಬದಲಾಗುತ್ತೆ, ಫಿಟ್ಸ್ ಬರುತ್ತೆ. ಕೆಲವರಲ್ಲಿ ಇದರ ಜೊತೆಗೇ ನರಗಳ ಮೇಲಿನ ಮೈಲಿನ್ ಪದರವೂ ಹಾಳಾಗುತ್ತೆ, ಕರೆಂಟ್ ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ಆಗ ಕಣ್ಣು ಮಂಜಾಗಬಹುದು, ಕಾಲಿನ ಶಕ್ತಿ ಕುಂದಬಹುದು.

ನ್ಯೂಯಾರ್ಕ್ ಪೋಸ್ಟ್‌ನ ವರದಿಗಾರ್ತಿ ಸುಸಾನಾ ಕ್ಯಾಹಲನ್‌ಗೆ 2009ರಲ್ಲಿ 24 ವರ್ಷ. ಮೊದಲು ಮನೇಲಿ ತಿಗಣೆ ಇದೆ ಅನ್ನೋ ಗುಮಾನಿ. ಆಮೇಲೆ ನಿದ್ದೆ ಹೋಯ್ತು, ಅಪ್ಪನ ಮೇಲೇ ಅನುಮಾನ, ಫಿಟ್ಸ್. ಒಬ್ಬ ವೈದ್ಯರಂತೂ ಕುಡಿತದ ಕಡೆ ಬೆರಳು ತೋರಿಸಿದರು. ಕೊನೆಗೆ ಡಾ. ಸೌಹೆಲ್ ನಜ್ಜರ್ ಆಕೆಯಿಂದ ಗಡಿಯಾರದ ಚಿತ್ರ ಬರೆಸಿದರು. ಹನ್ನೆರಡೂ ಅಂಕಿ ಬಲಗಡೆಯ ಅರ್ಧದಲ್ಲೇ ತುರುಕಿಕೊಂಡಿದ್ದವು, ಎಡಗಡೆ ಖಾಲಿ. ಮಿದುಳಿನ ಬಲಭಾಗದಲ್ಲಿ ಉರಿಯೂತವಿದೆ ಅನ್ನೋ ಸುಳಿವು ಸಿಕ್ಕಿದ್ದು ಹಾಗೆ. ಎನ್‌ಎಂಡಿಎ ರಿಸೆಪ್ಟರ್ ಮೇಲೆ ದಾಳಿ ಮಾಡೋ ಆ ಕಾಯಿಲೆಯನ್ನು ಗುರುತಿಸಿ ಆಗಿನ್ನೂ ಎರಡೇ ವರ್ಷ.

ಆ ದಿನಗಳಲ್ಲಿ ಆಕೆ ಆಡಿದ ಮಾತಿಗೆ ಹೊಣೆ ಯಾರು? ಆಂಟಿಬಾಡಿ ಪತ್ತೆಯಾದ ಮೇಲೆ ಉತ್ತರ ಸುಲಭ. ಆದರೆ ರಿಪೋರ್ಟ್ ಬರೋ ಹಿಂದಿನ ದಿನವೂ ಅದು ಅಲ್ಲೇ ಇತ್ತಲ್ವಾ? ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ, ಆಕೆಯ ಹೊಣೆಗಾರಿಕೆಯಲ್ಲ. ನಮ್ಮ ಕನಿಕರಕ್ಕೆ ಲ್ಯಾಬಿನ ಸೀಲು ಬೇಕು ಅನ್ನೋದೇ ನನಗೆ ಕಸಿವಿಸಿ.

ಹಾಗಂತ ಆಫೀಸಲ್ಲಿ ಕಿರುಚಾಡುವ ಮ್ಯಾನೇಜರ್‌ಗೆಲ್ಲ 'ಪಾಪ, ಮಿದುಳಿನ ಕಥೆ' ಅಂತ ಮಾಫಿ ಕೊಡೋಕಾಗಲ್ಲ. ಹತ್ತು ವರ್ಷದಿಂದ ಹಾಗೇ ಇರೋರ ವಿಷಯ ಬೇರೆ. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದವರ ಬಗ್ಗೆ ಮನೆಯವರು 'ಇವಳು ಹೀಗಿರ್ಲಿಲ್ಲ' ಅಂದಾಗ ಅದು ಸಮರ್ಥನೆಯಲ್ಲ, ರೋಗಲಕ್ಷಣದ ವರದಿ. ಕ್ಯಾಹಲನ್ ಮನೆಯವರು ಆ ಮಾತಿಗೆ ಪಟ್ಟು ಹಿಡಿದು ನಿಂತರು.

ಮುಂದೆ ಆಕೆಗೆ ಇದೇ ಕಾಯಿಲೆಯ ಇನ್ನೊಬ್ಬ ಯುವತಿಯ ವಿಷಯ ತಿಳಿಯಿತು. ಅವಳಿಗೆ ಸ್ಕಿಜೋಫ್ರೇನಿಯಾ ಅಂದಿದ್ದರು, ನಿಜ ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು. ಇಲ್ಲಿ ನಮಗೆಲ್ಲ ನೋವಾಗೋದು ಡಯಾಗ್ನೋಸಿಸ್ ತಪ್ಪಾಯ್ತಲ್ಲ ಅಂತ. ನಿಜಕ್ಕೂ ಸ್ಕಿಜೋಫ್ರೇನಿಯಾವೇ ಆಗಿದ್ದರೆ ಅವಳ ಹೊಣೆ ಹೆಚ್ಚಾಗ್ತಿತ್ತಾ? ಆ ಕಾಯಿಲೆಯನ್ನು ಖಚಿತಪಡಿಸೋ ರಕ್ತಪರೀಕ್ಷೆ ಇವತ್ತಿಗೂ ಇಲ್ಲ.