ಮೊದಲ ಗಂಟು ಯಾರದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮುಂಬಯಿ ಸೀಮೆಯನ್ನು ಕಂಡವರಲ್ಲ. ಇಲ್ಲಿ ಕಟ್ಟುವವನು ಬಿಲ್ಡರ, ನಾವು ಕೊಳ್ಳುವವರು. ಕೊಳ್ಳುವುದರಲ್ಲಿಯೂ ಕಷ್ಟದ ಭಾಗ ತಿಂಗಳು ತಿಂಗಳು ಕಟ್ಟುವ ಕಂತಲ್ಲ. ದುಡಿಯುವವನು ಹೇಗೋ ಕಂತು ಕಟ್ಟುತ್ತಾನೆ. ಕಷ್ಟವಿರುವುದು ಬ್ಯಾಂಕಿನ ಬಾಗಿಲಿಗೆ ಹೋಗುವ ಮೊದಲೇ ಕೈಯಲ್ಲಿರಬೇಕಾದ ಹಣದಲ್ಲಿ, ಆ ಮೊದಲ ಗಂಟಿನಲ್ಲಿ. ಅದರ ಕುರಿತು ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಳೆದ ವರ್ಷ ನಮ್ಮ ಅಣ್ಣನ ಮಗಳು ವರ್ತಕ ನಗರದ ನಮ್ಮ ಮನೆಗೆ ಬಂದಳು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ. ಡೊಂಬಿವಲಿಯಲ್ಲಿ ಬಾಡಿಗೆ ಮನೆ. ಕಲ್ಯಾಣದಲ್ಲಿ 45 ಲಕ್ಷದ ಒಂದು ಮನೆ ನೋಡಿದ್ದರು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕೆ ಮೀರಿದ ಗೃಹಸಾಲವಾದರೆ ಮನೆಯ ಬೆಲೆಯ ಶೇಕಡ 80ಕ್ಕಿಂತ ಹೆಚ್ಚು ಸಾಲ ಸಿಗುವುದಿಲ್ಲ. ಅಂದರೆ 9 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ, ನೋಂದಣಿಯ ಖರ್ಚು ಬೇರೆ. ಅವನ್ನು ಸಾಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಎಲ್ಲ ಕೂಡಿದರೆ 11 ಲಕ್ಷಕ್ಕೂ ಮೇಲೆ. “ಚಿಕ್ಕಪ್ಪ, ಕಂತು ಕಟ್ಟಲಿಕ್ಕೆ ನಮಗೆ ಹೆದರಿಕೆಯಿಲ್ಲ. ಬಾಡಿಗೆ ಕೊಟ್ಟೂ ಕೊಟ್ಟೂ ಕೈಯಲ್ಲಿ ಉಳಿಯುವುದೇ ಇಲ್ಲವಲ್ಲ,” ಎಂದಳು. ಇಷ್ಟು ಬೇಕು ಎಂದು ಕೇಳಲಿಲ್ಲ. ಕೇಳದೆ ಕೂತದ್ದೇ ನಮಗೆ ಹೆಚ್ಚು ಕಷ್ಟವಾಯಿತು.

ಏಕೆಂದರೆ ಅವಳು ಕೂತಿದ್ದ ಮನೆಯ ಮೊದಲ ಗಂಟು ಅವಳ ತಾಯಿಯದು.

1986ರಲ್ಲಿ ನಾವು ಈ ಮನೆಯನ್ನು ಬುಕ್ ಮಾಡಿದಾಗ ನಮ್ಮ ಉಳಿತಾಯ ಬಿಲ್ಡರನ ಮೊದಲ ಕಂತಿಗೆ ಸಾಲಲಿಲ್ಲ. ಊರಿಗೆ ಕಾಗದ ಬರೆದೆವು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಆಗ ಮಾರುವಂಥದ್ದು ಏನೂ ಇರಲಿಲ್ಲ, ಅತ್ತಿಗೆಯ ಮೈಮೇಲಿನ ಬಂಗಾರ ಬಿಟ್ಟರೆ. ಎಂಟು ಪವನಿನ ಬಳೆ, ಸರ ಮಾರಿ 13 ಸಾವಿರ ಚಿಲ್ಲರೆ ರೂಪಾಯಿ ಬಂತು. ಅಣ್ಣ ಡ್ರಾಫ್ಟ್ ಕಳುಹಿಸಿ, “ಸಾಲವೆಂದು ಬರೆದಿಡಬೇಡ” ಎಂದು ಬರೆದಿದ್ದ. ನಾವು ಬರೆದಿಡಲಿಲ್ಲ. ಆಮೇಲೆ ಮರೆತದ್ದೂ ಅಲ್ಲ, ನೆನೆದದ್ದೂ ಅಲ್ಲ. ನೆಂಟರಿಷ್ಟರು ಬಂದಾಗ ‘ವಾಗ್ಳೆ ಎಸ್ಟೇಟಿನಲ್ಲಿ ಓವರ್‌ಟೈಮ್ ಮಾಡಿ ಸ್ವಂತ ದುಡಿಮೆಯಿಂದ ಮಾಡಿದ ಮನೆ’ ಎಂದು ಹೇಳುತ್ತ ಬಂದೆವು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಈಗ ಪ್ರಶ್ನೆ ಇದು. ಅತ್ತಿಗೆಯ ಆ ಬಂಗಾರ ದಾನವೋ, ಸಾಲವೋ? ದಾನವಾದರೆ ಕೊಟ್ಟ ಕ್ಷಣಕ್ಕೆ ಅದು ಮುಗಿಯಿತು, ಕೃತಜ್ಞತೆ ಸಾಕು. ಸಾಲವಾದರೆ ತೀರಿಸಿದ ದಿನ ಮುಗಿಯಬೇಕು. ಆದರೆ ಎಷ್ಟು ಕೊಟ್ಟರೆ ತೀರಿತು? ನಮ್ಮ ಮಗ, “13 ಸಾವಿರಕ್ಕೆ ಬಡ್ಡಿ ಹಾಕಿ ಕೊಟ್ಟುಬಿಡಿ” ಎಂದ. ಮನೆಯವರು, “ಬಡ್ಡಿ ಯಾಕೆ, ಬಂಗಾರಕ್ಕೆ ಬಂಗಾರ” ಎಂದರು. ಇನ್ನೂ ಮುಂದೆ ಹೋದರೆ, ಆ ಹಣವಿಲ್ಲದೆ ಮನೆಯೇ ಇಲ್ಲವಾದ್ದರಿಂದ ಬೆಳೆದ ಬೆಲೆಯಲ್ಲಿಯೂ ಅವರಿಗೆ ಪಾಲಿದೆ ಎನ್ನಬಹುದು. ಮೂರಕ್ಕೂ ನ್ಯಾಯವಿದೆ, ಮೂರರ ಮೊತ್ತಕ್ಕೂ ಅಜಗಜಾಂತರವಿದೆ.

ನಮ್ಮ ಹಳ್ಳಿಗಳಲ್ಲಿ ಇವೆರಡೂ ಅಲ್ಲದ ಮೂರನೆಯದೊಂದು ಉಂಟು: ಮುಯ್ಯಿ. ಮದುವೆಗೆ ಮುಯ್ಯಿ ಮಾಡುತ್ತಾರೆ, ನಾಟಿಗೆ ಮುಯ್ಯಾಳು ಹೋಗುತ್ತಾರೆ. ಅದು ದಾನವಲ್ಲ, ತಿರುಗಿ ಬರಲೇಬೇಕು. ಸಾಲವೂ ಅಲ್ಲ, ವಾಯಿದೆಯಿಲ್ಲ, ಬಡ್ಡಿಯಿಲ್ಲ. ಅವರ ಮನೆಯಲ್ಲಿ ಕಾರ್ಯ ಬಂದಾಗ ನಾವು ಹೋಗಬೇಕು, ಅಷ್ಟೆ. ಮೊದಲ ಗಂಟು ಈ ಜಾತಿಯದು ಎಂದು ನಮಗೆ ತೋರುತ್ತದೆ.

ಆದರೆ ಮುಯ್ಯಿಗೂ ಒಂದು ಕೊರತೆಯಿದೆ. ಬಳಗ ಇದ್ದವರಿಗೆ ಮಾತ್ರ ಅದು ಒದಗುತ್ತದೆ. ಬಂಗಾರವಿರುವ ಅತ್ತಿಗೆ ಇಲ್ಲದವನು ಏನು ಮಾಡಬೇಕು? ನಮ್ಮೊಂದಿಗೇ ದುಡಿದು, ನಮ್ಮಷ್ಟೇ ಸಂಬಳ ಪಡೆದ ಎಷ್ಟೋ ಜನ ಇಂದಿಗೂ ಬಾಡಿಗೆ ಮನೆಯಲ್ಲಿದ್ದಾರೆ. ಅವರು ಸೋಮಾರಿಗಳಲ್ಲ, ದುಂದುಗಾರರಲ್ಲ. ಅವರಿಗೆ ಊರಿನಿಂದ ಡ್ರಾಫ್ಟ್ ಬರಲಿಲ್ಲ. ಬದಲಾಗಿ ಅವರೇ ಪ್ರತಿ ತಿಂಗಳೂ ಊರಿಗೆ ಮನಿಯಾರ್ಡರ್ ಮಾಡುತ್ತಿದ್ದರು.

ಆದ್ದರಿಂದ ಸರಕಾರ ಮೊದಲ ಮನೆಗೆ ನೆರವು ಕೊಡುತ್ತದೆ ಎಂದಾಗ, ‘ನಾವು ಕಷ್ಟಪಟ್ಟೆವು, ಇವರಿಗೇಕೆ ಪುಕ್ಕಟೆ?’ ಎಂಬ ಮಾತು ನಮ್ಮ ಬಾಯಲ್ಲಿ ಶೋಭಿಸುವುದಿಲ್ಲ. ಅತ್ತಿಗೆ ಇಲ್ಲದವರಿಗೆ ಸರಕಾರ ಅತ್ತಿಗೆಯ ಜಾಗದಲ್ಲಿ ನಿಲ್ಲುತ್ತದೆ ಎಂದು ತಿಳಿಯಬೇಕು. ಆದರೆ ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡ್ಡಿಯ ನೆರವು ಹೆಚ್ಚೆಂದರೆ 2.67 ಲಕ್ಷ ರೂಪಾಯಿ. ಅದು 2022ಕ್ಕೆ ಮುಗಿಯಿತು. 2024ರ ಹೊಸ ಆವೃತ್ತಿಯಲ್ಲಿ ವರ್ಷಕ್ಕೆ 9 ಲಕ್ಷದವರೆಗಿನ ಆದಾಯದವರಿಗೆ, 35 ಲಕ್ಷದವರೆಗಿನ ಮನೆಗೆ, ಐದು ವಾರ್ಷಿಕ ಕಂತುಗಳಲ್ಲಿ ಗರಿಷ್ಠ 1.80 ಲಕ್ಷ. ಇವೆರಡೂ ಸಾಲ ಸಿಕ್ಕಿದ ಮೇಲೆ ಸಾಲದ ಭಾರವನ್ನು ಇಳಿಸುವಂಥವು. ಸಾಲ ಸಿಗುವುದಕ್ಕೆ ಬೇಕಾದ ಮೊದಲ ಗಂಟನ್ನು ಕಟ್ಟಿಕೊಡುವಂಥವಲ್ಲ. ನಮ್ಮ ಹುಡುಗಿಯ ಮನೆ 35 ಲಕ್ಷದ ಅಳತೆಗೇ ಹೊರಗೆ ಬಿತ್ತು. ಪ್ರಾವಿಡೆಂಟ್ ಫಂಡಿನಿಂದ ಮನೆಗೆಂದು ಹಣ ತೆಗೆಯಬಹುದು, ನಿಜ; ಅದು ನಮ್ಮ ಮುಪ್ಪಿನಿಂದ ನಾವೇ ತೆಗೆದುಕೊಳ್ಳುವ ಕೈಗಡ.

ಕೊಳ್ಳುವವರ ಕೈಗೆ ಹಣ ಕೊಟ್ಟರೆ ಬಿಲ್ಡರ ಬೆಲೆ ಏರಿಸುತ್ತಾನೆ ಎಂಬ ಆಕ್ಷೇಪವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ಮನೆಗಳು ಕಡಿಮೆಯಿರುವಲ್ಲಿ ಎಲ್ಲರ ಜೇಬಿಗೂ ಸ್ವಲ್ಪ ಹಣ ತುಂಬಿದರೆ ಅದು ಕೊನೆಗೆ ಮಾರುವವನ ಜೇಬಿಗೇ ಸೇರಬಹುದು. ಆದುದರಿಂದ ಹಣದ ನೆರವಿನ ಜೊತೆಗೆ ಮನೆಗಳೂ ಏಳಬೇಕು. ವರ್ತಕ ನಗರದಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಹಳೆಯ ವಸಾಹತು ಹೌಸಿಂಗ್ ಬೋರ್ಡು ಕಟ್ಟಿದ್ದೇ. ಮ್ಹಾಡಾ, ಸಿಡ್ಕೋ ಸಂಸ್ಥೆಗಳ ಮನೆಗಳಿಗೆ ಇಂದಿಗೂ ಚೀಟಿ ಎತ್ತುತ್ತಾರೆ. ಅರ್ಹರು ಬಹಳ, ಮನೆ ಕೆಲವು ಎಂದಾಗ ಅದೃಷ್ಟವೇ ನ್ಯಾಯಾಧೀಶನಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಅದು ನಮ್ಮಂಥ ಹೊರನಾಡಿನವರಿಗೆ ವಿಶೇಷವಾಗಿ ತಟ್ಟುವಂಥದ್ದು. ಆವಾಸ್ ಯೋಜನೆಯ ನೆರವಿಗೆ, ‘ದೇಶದಲ್ಲಿ ಎಲ್ಲಿಯೂ ನನ್ನ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆಯಿಲ್ಲ’ ಎಂದು ಬರೆದುಕೊಡಬೇಕು. ಸಂಘದ ಕಾರ್ಯಕ್ರಮಗಳಲ್ಲಿ ‘ಊರಲ್ಲಿ ನಮ್ಮ ಮನೆ’ ಎಂದು ಎದೆಯುಬ್ಬಿಸಿ ಹೇಳುವ ನಾವು ಅರ್ಜಿಯ ಮುಂದೆ ‘ಮನೆಯಿಲ್ಲ’ ಎಂದು ಸಹಿ ಹಾಕುತ್ತೇವೆ. ಮನೆ ತಂದೆಯ ಹೆಸರಿನಲ್ಲಿದ್ದರೆ ಕಾನೂನಿಗೆ ತೊಡಕಿಲ್ಲ. ಅಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಮಾತ್ರ. ಆದರೆ ಹಿಸ್ಸೆಯಾಗುವಾಗ ‘ನನ್ನ ಪಾಲೆಲ್ಲಿ?’ ಎಂದು ಊರಿಗೆ ಓಡುವವರೂ ನಾವೇ. ಕಾಗದದ ಮೇಲೆ ಇಲ್ಲವೆಂದ ಮನೆಯಲ್ಲಿ ಪಾಲು ಕೇಳುವುದು ಸರಿಯೇ? ಒಂದೋ ಅದು ಊರಲ್ಲಿದ್ದು ತಂದೆತಾಯಿಯರನ್ನು ನೋಡಿಕೊಂಡವರ ಮನೆ, ಇಲ್ಲವೇ ಅದು ನಮ್ಮದೂ ಹೌದು. ಎರಡೂ ಕಡೆ ನಮಗೆ ಅನುಕೂಲವಾದುದನ್ನೇ ಹೇಳುವುದು ಧರ್ಮವಲ್ಲ.

ಬಳಗಕ್ಕೂ ಸರಕಾರಕ್ಕೂ ನಡುವೆ ಒಂದು ದಾರಿಯಿದೆ. ಅದನ್ನು ತೋರಿಸಿದವರು ನಮ್ಮ ನಾಡಿನವರೇ ಎಂಬುದು ಹೆಮ್ಮೆಯ ಮಾತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಕೆನರಾ ಸೀಮೆಯ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ 1906ರಲ್ಲಿ ಮುಂಬಯಿಯಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಸಂಸ್ಥೆಯನ್ನೂ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ಅಲ್ಲಿ ಮನೆ ಸಂಘದ್ದು. ಸದಸ್ಯರು ಪಾಲು ಹಾಕಿ ವಾಸಿಸುವವರು. ಒಬ್ಬನಿಂದಾಗದ ಮೊದಲ ಗಂಟನ್ನು ಹಲವರು ಕೂಡಿ ಕಟ್ಟಿದರು. ಮುಂದೆ 1946ರಲ್ಲಿ ಮೊಗವೀರ ಬಾಂಧವರೂ 1978ರಲ್ಲಿ ಬಿಲ್ಲವ ಬಾಂಧವರೂ ಇದೇ ನಗರದಲ್ಲಿ ಸಹಕಾರಿ ಬ್ಯಾಂಕುಗಳನ್ನು ತೆರೆದರು. ಮುಯ್ಯಿಗೆ ಲೆಕ್ಕಪುಸ್ತಕ ಸೇರಿದರೆ ಸಹಕಾರವಾಗುತ್ತದೆ.

ಇನ್ನು ನಮ್ಮ ಕಥೆ. ನಾವು ಇಬ್ಬರೂ ಕೂಡಿ ಯೋಚಿಸಿ, ಎಂಟು ಪವನಿನ ಇಂದಿನ ಬೆಲೆಯನ್ನು ಹುಡುಗಿಯ ಖಾತೆಗೆ ಹಾಕಿದೆವು. ನಮ್ಮ ಠೇವಣಿಯ ದೊಡ್ಡ ಭಾಗ ಅದರಲ್ಲಿ ಹೋಯಿತು. ಹೋಗುವಾಗ ಮನಸ್ಸು ಅಳುಕಿದ್ದು ಸುಳ್ಳಲ್ಲ. ಊರಿಗೆ ಫೋನ್ ಮಾಡಿ, “ಅತ್ತಿಗೆ, ನಿಮ್ಮ ಬಂಗಾರ ತಿರುಗಿ ಬಂತು” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನು ಕೇಳಿದ್ದೆನಾ? ಹುಡುಗಿಗೆ ಕೊಟ್ಟಿರಲ್ಲ, ಒಳ್ಳೆಯದಾಯ್ತು,” ಎಂದರು. ಅಣ್ಣ ಈಗ ಇಲ್ಲ. ಅವನಿದ್ದಾಗಲೇ ಈ ಮಾತು ಹೇಳಬಹುದಿತ್ತು. ಯಾರೂ ಕೇಳದ ಕಾರಣ ಸುಮಾರು ನಲವತ್ತು ವರ್ಷ ಹೇಳಲಿಲ್ಲ. ಈ ತಪ್ಪಿಗೆ ಬಂಗಾರದ ಬೆಲೆಯಲ್ಲಿ ಪರಿಹಾರವಿಲ್ಲ.

ಸ್ವಂತ ಮನೆಯಲ್ಲಿರುವ ನಮ್ಮ ವಾಚಕರಲ್ಲಿ ಒಂದು ವಿನಂತಿ. ಮೊದಲ ಗಂಟು ಎಲ್ಲಿಂದ ಬಂತೆಂದು ಒಮ್ಮೆ ನೆನೆಯಿರಿ. ಕೊಟ್ಟವರು ಬದುಕಿದ್ದರೆ ಅವರ ಎದುರಿಗೇ ಹೇಳಿರಿ. ಮಕ್ಕಳಿಗೂ ಹೇಳಿರಿ. ಬಾಡಿಗೆ ಮನೆಯಲ್ಲಿರುವ ನೆರೆಯವರ ಬಗ್ಗೆ ಮಾತಾಡುವಾಗ ಆಮೇಲೆ ನಾಲಗೆ ತಾನಾಗಿ ಹಿಡಿತಕ್ಕೆ ಬರುತ್ತದೆ.