ಎರೆ, ಆಮಿಷ, ಪ್ಲಾಸ್ಟಿಕ್ ಮೀನು

ರಾವಸ ಮೀನನ್ನು ಬೆಂಗಳೂರಿನ ಅಂಗಡಿಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಸಾಲ್ಮನ್‌ಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಸಾಲ್ಮನ್ ತಂಪು ನಾಡಿನದು. ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಬರುವಂಥದ್ದು. ರಾವಸ ನಮ್ಮ ಕರಾವಳಿಯ, ಅಳಿವೆಯ ಕದಡಿದ ನೀರಿನ ಮೀನು. ಎದೆಯ ರೆಕ್ಕೆಯ ಕೆಳಗೆ ಎರಡೂ ಕಡೆ ನಾಲ್ಕು ನಾಲ್ಕು ಎಳೆಗಳು ಮೀಸೆಯಂತೆ ಇಳಿಬಿದ್ದಿರುತ್ತವೆ, ಕಣ್ಣಿನ ಮೇಲೆ ಕೊಬ್ಬಿನ ತೆಳು ಪೊರೆ ಇರುತ್ತದೆ. ಮಬ್ಬು ನೀರಿನಲ್ಲಿ ಆ ಎಳೆಗಳಿಂದಲೇ ತಡಕಿ ಶೆಟ್ಲಿ ಹುಡುಕುತ್ತದೆ. 'ಟೆಟ್ರಾಡ್ಯಾಕ್ಟೈಲಮ್' ಎಂಬ ಅದರ ಶಾಸ್ತ್ರೀಯ ಹೆಸರಿಗೆ ನಾಲ್ಕು ಬೆರಳಿನದು ಎಂದೇ ಅರ್ಥ. ಇಂಥ ಮೀನಿಗೆ ಸಾಲ್ಮನ್ ಎಂದು ಕರೆದರೆ ದರ ಏರುತ್ತದೆ. ಗಿರಾಕಿಯೂ ಚೀಟಿ ನೋಡಿಯೇ ಕಚ್ಚುತ್ತಾನೆ.

ಹಾರವಾಡದ ದಂಡೆಯಲ್ಲಿ ಈ ರಾವಸಕ್ಕೆ ನಾನು ಎರಡು ಚಳಿಗಾಲ ಬೇರೆಬೇರೆ ಗಾಳದ ತುತ್ತುಗಳನ್ನು ಹಾಕಿ ನೋಡಿದೆ. ಒಂದು ಜೀವಂತ ಶೆಟ್ಲಿ. ಇನ್ನೊಂದು ಬೆಳ್ಳಿ ಹೊಳಪಿನ ತಗಡಿನ ಚಮಚ. ಮೂರನೆಯದು ಬಣ್ಣ ಬಳಿದ ಪ್ಲಾಸ್ಟಿಕ್ ಮೀನು, ಅದಕ್ಕೆ ಕಣ್ಣು, ಕಿವಿರು, ಹುರುಪೆ ಎಲ್ಲ ಇತ್ತು. ನಾಲ್ಕನೆಯದು ರಬ್ಬರಿನ ಶೆಟ್ಲಿ. ಯಾವ ಭರತ, ಎಂಥ ನೀರು, ಎಷ್ಟು ಸಲ ಎಸೆದೆ, ಯಾವುದಕ್ಕೆ ಕಚ್ಚಿತು ಎಂದು ಒಂದು ಪಟ್ಟಿಯಲ್ಲಿ ಬರೆದಿಟ್ಟೆ. ನೀರು ಕೆಂಪಾಗಿದ್ದಾಗ ಜೀವಂತ ಶೆಟ್ಲಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ನೀರು ತಿಳಿಯಾದ ಮೇಲೆ ಚಮಚ ಮುಂದೆ. ಅತಿ ಚೆಂದದ, ಅತಿ ದುಬಾರಿಯ ಪ್ಲಾಸ್ಟಿಕ್ ಮೀನು ಎರಡೂ ಕಡೆ ಹಿಂದೆ ಬಿತ್ತು. ಅದರ ಬಣ್ಣ ಮೀನಿಗಿಂತ ಅಂಗಡಿಯಲ್ಲಿ ನಿಂತವನ ಕಣ್ಣಿಗಾಗಿಯೇ ಬಳಿದದ್ದು ಅಂತ ನನ್ನ ಗುಮಾನಿ. ಕೆಂಪು ಬಣ್ಣವಂತೂ ನೀರಿನಲ್ಲಿ ಕೆಲವೇ ಮೀಟರು ಇಳಿಯುವುದರೊಳಗೆ ಮಾಸಿ ಕಪ್ಪಾಗುತ್ತದೆ.

ಊರಿನ ಹುಡುಗರು ಈ ಪಟ್ಟಿ ನೋಡಿ ಕೇಳುವುದು ಒಂದೇ: 'ಯಾವುದು ಒಳ್ಳೇದು?' ನನ್ನನ್ನು ಕಾಡುವುದು ಈ 'ಒಳ್ಳೇದು' ಎಂಬ ಮಾತೇ. ಇಲ್ಲಿ ಒಳ್ಳೆಯದೆಂದರೆ ಚೆನ್ನಾಗಿ ಮೋಸ ಮಾಡುವಂಥದ್ದು. ಬಲೆಯನ್ನು ಹೋಲಿಸುವಾಗ ಗಟ್ಟಿ ಯಾವುದು, ಹಗುರ ಯಾವುದು ಎಂದು ನೋಡುತ್ತೇವೆ. ಗಾಳದ ತುತ್ತನ್ನು ಹೋಲಿಸುವಾಗ ಇನ್ನೊಂದು ಜೀವದ ಮನಸ್ಸನ್ನು, ಮನಸ್ಸು ಎನ್ನಬಹುದಾದರೆ, ಒಳಹೊಕ್ಕು ಅದರ ದುರ್ಬಲ ಜಾಗ ಯಾವುದೆಂದು ಹುಡುಕುತ್ತೇವೆ. ಇದು ಬರೀ ಕಸುಬೋ, ಅಥವಾ ಇದರಲ್ಲಿ ಏನಾದರೂ ತಪ್ಪಿದೆಯೋ?

ಭಾಷೆ ಸ್ವಲ್ಪ ದಾರಿ ತೋರಿಸುತ್ತದೆ. 'ಎರೆ' ಎಂಬ ಹಳೆಯ ಮಾತಿಗೆ ತಿನಿಸು ಎಂಬ ಅರ್ಥವೂ ಇದೆ, ಗಾಳಕ್ಕೆ ಸಿಕ್ಕಿಸುವ ತುತ್ತು ಎಂಬ ಅರ್ಥವೂ ಇದೆ. ಎರೆಹುಳುವಿನಲ್ಲಿ ಅದು ಇನ್ನೂ ಉಳಿದಿದೆ. ಆಹಾರಕ್ಕೂ ಮೋಸಕ್ಕೂ ಒಂದೇ ಪದ. ಸಂಸ್ಕೃತದಿಂದ ಬಂದ 'ಆಮಿಷ' ಇನ್ನೂ ದೂರ ಹೋಗಿದೆ. ಮೊದಲು ಮಾಂಸ, ಆಮೇಲೆ ಗಾಳದ ಮಾಂಸ, ಈಗ ಚುನಾವಣೆಯ ಹೊತ್ತಿಗೆ ಪತ್ರಿಕೆಗಳಲ್ಲಿ ಮತದಾರರಿಗೆ ಒಡ್ಡುವ ಸೀರೆ, ಕುಕ್ಕರು. ಮಾಂಸ ತಿನ್ನದವರನ್ನು ನಿರಾಮಿಷರೆಂದು ಕರೆದ ಭಾಷೆಯೇ ಆಸೆಯಿಲ್ಲದವರನ್ನೂ ಅದೇ ಪದದಿಂದ ಕರೆಯಿತು. ಅಂದರೆ ತಪ್ಪೆಲ್ಲ ಕಚ್ಚಿದವನ ಮೇಲೆ. ವೇದಾಂತದ ಹಳೆಯ ದೃಷ್ಟಾಂತವೂ ಇದನ್ನೇ ಹೇಳುತ್ತದೆ: ಜಿಂಕೆ ನಾದಕ್ಕೆ ಸೋತು ಸಾಯುತ್ತದೆ, ಆನೆ ಸ್ಪರ್ಶಕ್ಕೆ, ಪತಂಗ ರೂಪಕ್ಕೆ, ದುಂಬಿ ಪರಿಮಳಕ್ಕೆ, ಮೀನು ನಾಲಗೆಯ ರುಚಿಗೆ. ಐದೂ ಕಡೆ ಸತ್ತವರೇ ಅಪರಾಧಿಗಳು. ಗಾಳ ಹಾಕಿದವನ ಸುದ್ದಿಯೇ ಇಲ್ಲ.

ಆದರೆ ತಗಡಿನ ಚಮಚಕ್ಕೆ ರುಚಿಯಿಲ್ಲ. ಆ ದೃಷ್ಟಾಂತ ಕಟ್ಟಿದವರು ಎರೆಹುಳುವಿನ ಗಾಳವನ್ನಷ್ಟೇ ನೋಡಿದ್ದರು. ಫಿನ್‌ಲೆಂಡಿನ ಲೌರಿ ರಾಪಾಲಾ ಎಂಬ ಮೀನುಗಾರ 1936ರಲ್ಲಿ ಬಿರಡೆಮರದ ತುಂಡನ್ನು ಕೆತ್ತಿ, ಮೇಲೆ ಚಾಕಲೇಟಿನ ಬೇಗಡೆ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಲೇಪ ಕೊಟ್ಟು ಒಂದು ಹುಸಿ ಮೀನು ಮಾಡಿದ. ಅವನು ಗಮನಿಸಿದ್ದು ಇಷ್ಟು: ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಆರಿಸಿಕೊಳ್ಳುವುದು ಗಾಯಗೊಂಡು ಓಲಾಡುತ್ತಿರುವುದನ್ನು. ಆದ್ದರಿಂದ ಅವನ ಮರದ ಮೀನು ನೆಟ್ಟಗೆ ಈಜುವುದಿಲ್ಲ, ಕುಂಟುತ್ತದೆ. ಅದರ ಹೆಸರಿನಲ್ಲಿ ಇವತ್ತು ಜಗತ್ತಿನೆಲ್ಲೆಡೆ ವ್ಯಾಪಾರವಿದೆ. ಕಾರವಾರದ ನನ್ನ ಪ್ಲಾಸ್ಟಿಕ್ ಮೀನೂ ಕುಂಟುವುದನ್ನು ಅಲ್ಲಿಂದಲೇ ಕಲಿತದ್ದು. ಸಾಲ್ಮನ್ನಿನ ಕತೆ ಇನ್ನೂ ವಿಚಿತ್ರ. ಮೊಟ್ಟೆಯಿಡಲು ಹೊಳೆ ಏರುವ ಅಟ್ಲಾಂಟಿಕ್ ಸಾಲ್ಮನ್ ಊಟವನ್ನೇ ಬಿಟ್ಟಿರುತ್ತದೆ. ಆದರೂ ಎದುರಿಗೆ ಬಂದ ಗರಿಯ ನೊಣವನ್ನೋ ಚಮಚವನ್ನೋ ಕಚ್ಚುತ್ತದೆ. ಸಿಟ್ಟಿಗೋ, ಹಳೆಯ ಅಭ್ಯಾಸಕ್ಕೋ, ದಾರಿಗಡ್ಡ ಬಂದದ್ದಕ್ಕೋ ಎಂದು ಗಾಳಗಾರರು ತಲೆಮಾರುಗಳಿಂದ ವಾದಿಸುತ್ತಿದ್ದಾರೆ. ಹಸಿವಂತೂ ಅಲ್ಲ. ಉಪವಾಸವಿದ್ದ ಮೀನನ್ನು ನಾಲಗೆಯ ಚಪಲಕ್ಕೆ ಸತ್ತಿತು ಎಂದು ಹೇಗೆ ಹೇಳುವುದು?

ನಿಕೋ ಟಿಂಬರ್ಗನ್ ಎಂಬ ವಿಜ್ಞಾನಿ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಮುಂದೆ ಬಗೆಬಗೆಯ ಬೊಂಬೆಗಳನ್ನು ಇಟ್ಟು ನೋಡಿದ್ದ. ಮೀನಿನ ತದ್ರೂಪದಂತಿದ್ದು ಕೆಂಪಿಲ್ಲದ ಬೊಂಬೆಯನ್ನು ಗಂಡುಮೀನು ಅಷ್ಟಾಗಿ ಲೆಕ್ಕಿಸಲಿಲ್ಲ. ಆಕಾರವೇ ಇಲ್ಲದ, ಹೊಟ್ಟೆಯ ಭಾಗ ಮಾತ್ರ ಕೆಂಪಾಗಿದ್ದ ಮುದ್ದೆಯ ಮೇಲೆ ಎರಗಿತು. ಜೀವಿಗಳು ಇಡೀ ಸತ್ಯವನ್ನು ನೋಡುವುದಿಲ್ಲ, ಗುರುತೊಂದನ್ನು ನೋಡುತ್ತವೆ. ಆ ಗುರುತು ಸಿಕ್ಕರೆ ಸಾಕು, ಉಳಿದ ಸುಳ್ಳು ಎಷ್ಟು ಒರಟಾಗಿದ್ದರೂ ನಡೆಯುತ್ತದೆ. ಮೊಬೈಲಿನಲ್ಲಿ ಆ್ಯಪ್ ಚಿತ್ರದ ಮೂಲೆಗೆ ಕೂರುವ ಕೆಂಪು ಚುಕ್ಕಿ ನನಗೆ ಈ ಪ್ರಯೋಗವನ್ನೇ ನೆನಪಿಸುತ್ತದೆ. ಎರಡು ಬಣ್ಣ, ಎರಡು ಬಗೆಯ ಮಾತು ಜನರ ಮುಂದಿಟ್ಟು ಯಾವುದನ್ನು ಹೆಚ್ಚು ಒತ್ತಿದರು ಎಂದು ಎಣಿಸುವ ಕೆಲಸವನ್ನು ದೊಡ್ಡ ದೊಡ್ಡ ಕಂಪನಿಗಳು ದಿನಾಲೂ ಮಾಡುತ್ತವೆ. ಪಟ್ಟಿಯ ಸಾಲುಗಳು ನನ್ನವೇ: ಯಾವ ಹೊತ್ತು, ಎಷ್ಟು ಸಲ, ಯಾವುದಕ್ಕೆ ಕಚ್ಚಿತು.

ಹಾಗಾದರೆ ಮೀನಿಗೆ ಮಾಡುವ ಮೋಸ ಮೋಸವೇ? ಸುಲಭದ ಉತ್ತರವೊಂದಿದೆ: ಮೋಸವಾಗಬೇಕಾದರೆ ಮೊದಲು ನಂಬಿಕೆ ಇರಬೇಕು. ಪುಣ್ಯಕೋಟಿಯ ಕತೆಯನ್ನು ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಅಲ್ಲಿ ಹುಲಿಗೆ ಹಸು ಮಾತು ಕೊಟ್ಟಿತ್ತು, ಹುಲಿ ನಂಬಿ ಬಿಟ್ಟುಕೊಟ್ಟಿತ್ತು. ಆದ್ದರಿಂದ ತಿನ್ನುವವನ ಹತ್ತಿರವೂ ಮಾತು ತಪ್ಪಬಾರದು. ರಾವಸಕ್ಕೆ ನಾನು ಯಾವ ಮಾತನ್ನೂ ಕೊಟ್ಟಿಲ್ಲ. ಅದು ಯಾರನ್ನೂ ನಂಬುವುದಿಲ್ಲ. ನಂಬಿದ್ದರೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬುಡಕ್ಕೆ ಬಂದು ಮಂಡಕ್ಕಿಗೆ ಬಾಯಿ ತೆರೆಯುವ ಮೀನುಗಳ ವಿಷಯ ಬೇರೆ. ಅಲ್ಲಿ ಮನುಷ್ಯನ ಕೈ ಅಂದರೆ ಅನ್ನ ಎಂಬ ನಂಬಿಕೆಯನ್ನು ತಲೆತಲಾಂತರದಿಂದ ಬೆಳೆಸಿದ್ದೇವೆ. ಆ ಮಂಡಕ್ಕಿಯೊಳಗೆ ಕೊಕ್ಕೆ ಇಟ್ಟರೆ ಅದು ಖಂಡಿತ ದ್ರೋಹ. ತೊಂಬತ್ತರ ದಶಕದಲ್ಲಿ ಶಿಶಿಲದ ದೇವರ ಮೀನುಗಳಿಗೆ ಯಾರೋ ವಿಷ ಹಾಕಿದಾಗ ಜನ ಅತ್ತರು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಅದೇ ಜನರಲ್ಲಿ ಮನೆಯಲ್ಲಿ ಬಂಗಡೆ ತಿನ್ನುವವರೂ ಇದ್ದಿರಬಹುದು. ಅದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ.

ಸುಲಭದ ಈ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ. ಮಾರೀಚ ಬಂಗಾರದ ಜಿಂಕೆಯಾಗಿ ಸುಳಿದಾಗ ಸೀತೆಗೂ ಅವನು ಯಾವ ಮಾತನ್ನೂ ಕೊಟ್ಟಿರಲಿಲ್ಲ. ಆದರೂ ಅದನ್ನು ನಾವು ಮೋಸವೆಂದೇ ಕರೆಯುತ್ತೇವೆ, ಯಾಕೆಂದರೆ ಆ ಕತೆಯನ್ನು ನಾವು ಗಾಳದ ತುದಿಯ ಕಡೆಯಿಂದ ಕೇಳುತ್ತೇವೆ. ಅದರಲ್ಲೂ ಜಿಂಕೆಯ ಹೊಳಪು ಮೊದಲ ತುತ್ತು ಮಾತ್ರ. ರಾಮನ ದನಿಯಲ್ಲಿ ಎದ್ದ ಆರ್ತನಾದ ಎರಡನೆಯದು. ಮೊದಲನೆಯದು ಆಸೆಗೆ ಹಾಕಿದ್ದು, ಎರಡನೆಯದು ಪ್ರೀತಿಗೆ. ಎರಡರಲ್ಲಿ ನೀಚ ಯಾವುದು ಎಂದು ಕೇಳಿದರೆ ಯಾರೂ ತಡವರಿಸುವುದಿಲ್ಲ. ಲಾಟರಿ ಬಂದಿದೆ ಎಂದು ಫೋನು ಮಾಡಿ ದುಡ್ಡು ಹೊಡೆಯುವವನಿಗಿಂತ, ನಿಮ್ಮ ಮಗನಿಗೆ ಅಪಘಾತವಾಗಿದೆ ಎಂದು ಫೋನು ಮಾಡಿ ಹೊಡೆಯುವವನನ್ನು ಕಂಡರೆ ನಮಗೆ ಹೆಚ್ಚು ಹೇಸಿಗೆ. ಕಳೆದುಕೊಂಡ ಮೊತ್ತ ಒಂದೇ ಇರಬಹುದು.

ನಮ್ಮ ಕೇರಿಯ ಹಿರಿಯರೊಬ್ಬರು, ಏಂಡಿ ಬಲೆಯಲ್ಲೂ ಗಾಳದಲ್ಲೂ ಆಯುಷ್ಯ ಕಳೆದವರು, ನನ್ನ ಪಟ್ಟಿಯನ್ನು ನೋಡಿ ನಕ್ಕಿದ್ದರು. 'ಗಾಳ ಹಾಕೂದು ಮೋಸ ಅಂತ ನಿಂಗೆ ಅನ್ನಿಸೂದಿಲ್ವಾ ಅಜ್ಜಾ?' ಎಂದು ಕೇಳಿದೆ.

'ತಮಾ, ಬಲೆ ಯಾರನ್ನೂ ಕೇಳೂದಿಲ್ಲ. ಮರಿ ಬಂದ್ರೂ ತಕಂತದೆ, ಬಸುರಿ ಬಂದ್ರೂ ತಕಂತದೆ. ಗಾಳ ಆದ್ರೆ ಕೇಳ್ತದೆ. ಬೇಡ ಅಂದ್ರೆ ಅದು ಹೋಗ್ತದೆ' ಅಂದರು.

ಬೆಂಗಳೂರಿನಿಂದ ನನ್ನ ಗೆಳೆಯನೊಬ್ಬ ಬಂದಿದ್ದ. ಹಿಡಿದು, ಫೋಟೋ ತೆಗೆದು, ತಿರುಗಿ ನೀರಿಗೆ ಬಿಡುವ ಪೈಕಿ. ಅದೇ ಹೆಚ್ಚು ದಯೆಯ ಕೆಲಸವೆಂದು ಅವನ ನಂಬಿಕೆ. ಕಾವೇರಿಯ ಭೀಮೇಶ್ವರಿಯಲ್ಲಿ ರಾಗಿಯ ಉಂಡೆ ಹಾಕಿ ಮಹಶೀರ್ ಹಿಡಿದು ಬಿಡುತ್ತಿದ್ದವರು ಅದರಿಂದ ಕಾವಲುಗಾರರಿಗೆ ಕೆಲಸ ಸಿಕ್ಕಿತು, ಡೈನಮೈಟ್ ಹಾಕುವವರು ದೂರವಾದರು ಎಂದು ವಾದಿಸುತ್ತಿದ್ದರು, ಅದರಲ್ಲಿ ಹುರುಳಿದೆ. ಸ್ವಿಟ್ಜರ್‌ಲೆಂಡಿನ ಕಾನೂನು ಉಲ್ಟಾ ಹೇಳುತ್ತದೆ: ಬಿಡುವ ಉದ್ದೇಶದಿಂದಲೇ ಹಿಡಿಯುವುದು ಹಿಂಸೆ. ಅಜ್ಜನಿಗೆ ಈ ಎರಡೂ ವಾದ ಗೊತ್ತಿಲ್ಲ. ಗೆಳೆಯ ಒಳ್ಳೆಯದೊಂದು ರಾವಸವನ್ನು ನೀರಿಗೆ ಬಿಟ್ಟಾಗ ಅವರು ನನ್ನ ಕಡೆ ತಿರುಗಿ ಕೇಳಿದ್ದು, 'ತಿನ್ನೂದಿಲ್ಲ ಅಂದ್ಮೇಲೆ ಅದನ್ನ ಕರ್ದದ್ದು ಯಾಕೆ?'

'ಕರೆಯುವುದು' ಎಂಬ ಮಾತು ನನಗೆ ಇಷ್ಟವಾಯಿತು. 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾದ 'ದ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಬರೆದದ್ದು. ಅವನಿಗೆ ಮಹಶೀರನ್ನು ಸಾಲ್ಮನ್ನಿನ ಜೊತೆ ತೂಗಿ ನೋಡುವುದೇ ಒಂದು ಖುಷಿ. ಎಷ್ಟು ಹೊತ್ತು ಗುದ್ದಾಡುತ್ತದೆ ಎಂಬುದು ಅಲ್ಲಿ ಮೀನಿನ ಗುಣ. ನಮ್ಮ ದಂಡೆಯಲ್ಲಿ ಬೇಗ ದಣಿದು ಬರುವುದೇ ಒಳ್ಳೆಯ ಮೀನು. ಆಟದವನಿಗೂ ಊಟದವನಿಗೂ ಇರುವ ವ್ಯತ್ಯಾಸ ಇದು.

ಆದರೆ ಅಜ್ಜನ ಮಾತನ್ನು ಹಿಡಿದು ಹೊರಟರೆ ಹಾರವಾಡದ ಸಣ್ಣ ಗಾಳವನ್ನು ಬಿಟ್ಟು ದೂರ ಹೋಗಬೇಕಾಗುತ್ತದೆ. ರಾತ್ರಿ ದಂಡೆಯಲ್ಲಿ ನಿಂತರೆ ಒಮ್ಮೊಮ್ಮೆ ಕಡಲಿನ ಅಂಚಿನಲ್ಲಿ ಊರೊಂದು ಎದ್ದು ನಿಂತಂತೆ ಬೆಳಕು ಕಾಣುತ್ತದೆ. ಜನರೇಟರ್ ಹಾಕಿ, ಪ್ರಖರ ದೀಪ ಉರಿಸಿ, ಬೆಳಕಿಗೆ ಬಂದ ಹಿಂಡನ್ನು ಮರಿಸಮೇತ ಸುತ್ತುಗಟ್ಟುವ ಲೈಟ್ ಫಿಶಿಂಗ್. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಇದನ್ನು ನಿಷೇಧಿಸಿತು. ನಿಷೇಧವನ್ನು ಜಾರಿ ಮಾಡಿ ಎಂದು ಸಾಂಪ್ರದಾಯಿಕ ಮೀನುಗಾರರು ಆಮೇಲೂ ಬೀದಿಗಿಳಿಯಬೇಕಾಯಿತು. ದೀಪವೂ ಒಂದು ಎರೆಯೇ. ಆದರೆ ಅದು ಹಸಿದ ಒಂದು ಮೀನನ್ನು ಕೇಳುವುದಿಲ್ಲ. ಹಿಂಡಿಗೆ ಹಿಂಡನ್ನೇ ಎಳೆದು ತಂದು ಬಲೆಗೆ ಒಪ್ಪಿಸುತ್ತದೆ. ಗಾಳದ ಮೋಸ, ಬಲೆಯ ಬಲವಂತ ಎರಡೂ ಒಟ್ಟಿಗೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮಾಣಕಿಯ ಸಂಗತಿ. ಮಂಗಳೂರು ಕಡೆ ಕಪ್ಪೆ ಬೊಂಡಾಸ ಎನ್ನುತ್ತಾರೆ. ಅದು ಮೊಟ್ಟೆಗಳನ್ನು ಗೊಂಚಲು ಗೊಂಚಲಾಗಿ ಅಂಟಿಸಲು ಕಡಲ ತಳದಲ್ಲಿ ಕಡ್ಡಿಯಂಥದ್ದೇನಾದರೂ ಹುಡುಕುತ್ತದೆ. ಇದನ್ನು ಅರಿತವರು ತೆಂಗಿನ ಹೊಂಬಾಳೆಗಳ ಕಟ್ಟಿಗೆ ಮರಳಿನ ಚೀಲದ ಭಾರ ಕಟ್ಟಿ ಇಳಿಬಿಡುತ್ತಾರೆ. ಮೊಟ್ಟೆಯಿಡಲು ಬಂದವುಗಳನ್ನು ಸುತ್ತ ಕೊಕ್ಕೆಗಳಿರುವ ಗಾಳದಿಂದ ಎತ್ತುತ್ತಾರೆ. ಕರ್ನಾಟಕದ ಕಡಲಲ್ಲಿ ಇದು ಹೆಚ್ಚಾದಾಗ ಟ್ರಾಲರಿನವರಿಗೂ ಇವರಿಗೂ ಜಗಳವಾಯಿತು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅಧ್ಯಯನ ಮಾಡಿದರು. ಮೊಟ್ಟೆಯಿಡುವ ತಾಯಂದಿರನ್ನೇ ತೆಗೆದರೆ ಮುಂದಿನ ಪೀಳಿಗೆ ಎಲ್ಲಿಂದ ಎಂಬುದು ವಿಜ್ಞಾನಿಗಳ ಚಿಂತೆ. ಅದು ಸರಿಯೇ. ಆದರೆ ಸಂತತಿಗೆ ಒಂದಿಷ್ಟೂ ನಷ್ಟವಿಲ್ಲ ಎಂದು ನಾಳೆ ಲೆಕ್ಕ ಸಿಕ್ಕರೂ ನನ್ನ ಕಸಿವಿಸಿ ಹೋಗುವುದಿಲ್ಲ. ಹೆರಿಗೆಮನೆಯನ್ನೇ ಎರೆಯಾಗಿ ಮಾಡಿದ್ದು ಅದು. ಮಾಣಕಿಗೆ ಇದೆಲ್ಲ ತಿಳಿಯುವುದಿಲ್ಲ, ನಿಜ. ಮಾಡುವವರಿಗೆ ತಿಳಿಯುತ್ತದೆ. ಪ್ರಾಣಿಯ ಜೊತೆ ಕ್ರೂರವಾಗಿ ನಡೆದವನು ಮನುಷ್ಯರ ಜೊತೆಗೂ ಒರಟಾಗುತ್ತಾನೆ ಎಂದು ಕಾಂಟ್ ಹೇಳಿದ್ದ. ಹೊಂಬಾಳೆ ಇಳಿಸುವವರು ದೂರದ ಊರುಗಳಿಂದ ಸಾಲ ಮಾಡಿ ಬಂದ ಬಡವರು, ಮನೆಯಲ್ಲಿ ಅವರೂ ಮಕ್ಕಳ ತಂದೆಯರು. ಅವರು ಒರಟಾಗಿದ್ದಾರೆ ಎನ್ನಲು ನನಗೆ ಆಧಾರವಿಲ್ಲ. ಹಾಗಾಗಿ ಕಾಂಟ್‌ನ ವಾದ ಇಲ್ಲಿ ನನಗೆ ಸಾಲದು. ನನ್ನ ಕಸಿವಿಸಿ ಆ ಮಾಣಕಿಯ ಕುರಿತೇ, ಅದರ ಮೂಲಕ ಇನ್ಯಾರ ಕುರಿತೂ ಅಲ್ಲ.

ರಾವಸದಲ್ಲೂ ಇಂಥದೊಂದು ಇದೆ. ಅದು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಎತ್ತಿ ಹಿಡಿದು ಫೋಟೋಕ್ಕೆ ನಿಲ್ಲುವ ದೊಡ್ಡ ರಾವಸಗಳೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ. ಅಜ್ಜನಿಗೆ ಇದನ್ನು ಹೇಳಿದಾಗ ಸುಮಾರು ಹೊತ್ತು ಸುಮ್ಮನಿದ್ದು, 'ಹಂಗಾರೆ ನಡು ಗಾತ್ರದ್ದು ತಿನ್ನೂಕಡ್ಡಿಲ್ಲ' ಅಂದರು. ಆಮೇಲೆ ತಂಗೂಸಿನ ಗಂಟು ಬಿಡಿಸುವ ಕೆಲಸಕ್ಕೆ ಮರಳಿದರು.

ಪಟ್ಟಿ ಬರೆಯುವುದನ್ನು ನಾನು ನಿಲ್ಲಿಸಿಲ್ಲ. ಈ ವರ್ಷ ಒಂದು ಸಾಲು ಹೆಚ್ಚಿಗೆ ಹಾಕಿದ್ದೇನೆ. ಡಿಸೆಂಬರಿನ ತಿಳಿನೀರಿನಲ್ಲಿ ಬಂಡೆಯ ಮೇಲಿಂದ ನೋಡಿದರೆ ಮೀನು ಚಮಚದ ಹಿಂದೆಯೇ ಬರುವುದು ಕಾಣುತ್ತದೆ. ಒಂದು ಮೊಳ ಅಂತರದಲ್ಲಿ ನಿಂತು, ಪಕ್ಕಕ್ಕೆ ಹೊರಳಿ, ಬೆಳ್ಳಗೆ ಮಿಂಚಿ ಆಳಕ್ಕೆ ಹೋಗುತ್ತದೆ. ಹಾಗೆ ಬಂದು ಬೇಡವೆಂದು ಹೋದವುಗಳನ್ನೂ ಎಣಿಸುತ್ತಿದ್ದೇನೆ. ಚಮಚದ ಲೆಕ್ಕದಲ್ಲಿ ಕಚ್ಚಿದವುಗಳಿಗಿಂತ ಅವೇ ಜಾಸ್ತಿ.